ಮಸ್ಲಿನಾ ಗುಡ್ಡಕ್ಕೆ ದಾರಿ ಬರೆದುಕೊಡುವ ಪೆರೀನಾ

ಬೆಳಗಿನ ಐದೂವರೆ. ಮಸ್ಲಿನಾ ದ್ವೀಪದ ಗುಡ್ಡದ ದಾರಿಯಲ್ಲಿ ಪೆರೀನಾ ಮಾತುಲಿಚ್ ಒಬ್ಬರೇ ಹತ್ತುತ್ತಿದ್ದಾರೆ. ಹತ್ತುವುದಕ್ಕಿಂತ ಕೂರುವುದೇ ಹೆಚ್ಚು. ಒಂದಷ್ಟು ಹೆಜ್ಜೆ ಇಡುತ್ತಾರೆ, ಕಲ್ಲಿನ ಮೋಟುಗೋಡೆಯ ಮೇಲೆ ಕೂರುತ್ತಾರೆ, ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾರೆ, ಮತ್ತೆ ಏಳುತ್ತಾರೆ. ಅರವತ್ಮೂರರ ಈ ಹೆಂಗಸಿಗೆ ಕಾಲುನೋವೇನೂ ಇಲ್ಲ. ಮನಸ್ಸು ಮಾಡಿದರೆ ಹದಿನೆಂಟು ನಿಮಿಷಕ್ಕೆ ತುದಿ ಮುಟ್ಟುವ ಗಟ್ಟಿಗಿತ್ತಿ. ಆದರೆ ಇವತ್ತು ಒಂಬತ್ತರ ದೋಣಿಗೆ ಬರುವವರಿಗೆ ಎಪ್ಪತ್ನಾಲ್ಕು ವರ್ಷ, ಎಡಮಂಡಿಗೆ ಆಪರೇಷನ್ ಆಗಿದೆ. ಅದಕ್ಕೇ ಪೆರೀನಾ ತಮ್ಮ ಎಡಗಾಲನ್ನು ಮಡಿಸದೆ ಎಳೆದುಕೊಂಡು ನಡೆಯುತ್ತಿದ್ದಾರೆ.

"ಏನಕ್ಕಾ, ಇವತ್ತು ಕುಂಟೋ ಸರದಿನಾ?" ಕೆಳಗಿನ ದಕ್ಕೆಗೆ ಇಳಿದಾಗ ದೋಣಿ ನಡೆಸುವ ಯೆರ್ಕೊ ಕಿಚಾಯಿಸುತ್ತಾನೆ. ಹೋದ ವಾರ ಕಣ್ಣು ಕಾಣದವರ ಗುಂಪೊಂದು ಬರುವುದಿತ್ತೆಂದು ಆಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಲಿವ್ ತೋಪಿನಲ್ಲಿ ತಡವರಿಸಿದ್ದನ್ನು ಅವನು ಇನ್ನೂ ಊರಿಡೀ ಹೇಳಿಕೊಂಡು ತಿರುಗುತ್ತಿದ್ದಾನೆ.

"ನಿನ್ ಬಾಯಿಗಿಷ್ಟು ಬೀಗ ಹಾಕು. ದೋಣಿ ಬಿಡು," ಎನ್ನುತ್ತಾರೆ ಪೆರೀನಾ. ಬೇರೆ ದಿನವಾಗಿದ್ದರೆ ಅವನಿಗೆ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದರು. ಇವತ್ತು ಇಷ್ಟೇ. ಅವನೂ ಮುಖ ನೋಡಿ ದೋಣಿಯ ಹಗ್ಗ ಬಿಚ್ಚುತ್ತಾನೆ.

ದ್ವೀಪದ ಎದುರು ದಡದ ಲೂಕಾ ಊರಿನ ದಕ್ಕೆಯಲ್ಲಿರುವ ನೀಲಿ ಬಣ್ಣದ ಮರದ ಗೂಡೇ ಪೆರೀನಾ ಅವರ ಕಚೇರಿ. ಹೆಸರಿಗೆ ಟಿಕೆಟ್ ಕೊಡುವ ಕೆಲಸ. ನಿಜವಾಗಿ ಮಾಡುವ ಕೆಲಸಕ್ಕೆ ಹೆಸರೇ ಇಲ್ಲ. ಮಸ್ಲಿನಾ ಇಡೀ ದ್ವೀಪವೇ ಒಂದು ಸರ್ಕಾರಿ ರಕ್ಷಿತ ಉದ್ಯಾನ. ಅಲ್ಲಿ ಕಾರಿಲ್ಲ, ಸೈಕಲ್ಲಿಗೂ ಅಪ್ಪಣೆಯಿಲ್ಲ. ಹೋದವರು ಸ್ವಂತ ಕಾಲಮೇಲೆ ಹೋಗಬೇಕು, ಸ್ವಂತ ಕಾಲಮೇಲೆ ಮರಳಬೇಕು. ಯಾವ ದೋಣಿಗೆ ಹೋಗುವುದು, ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ನೆರಳಿರುತ್ತದೆ, ನೀರು ಎಲ್ಲಿ, ಯಾವ ಕಲ್ಲು ಜಾರುತ್ತದೆ ಎಂಬುದನ್ನೆಲ್ಲ ಬಂದವರ ಮೈಕಟ್ಟು, ವಯಸ್ಸು, ಚಪ್ಪಲಿ ನೋಡಿ ಒಂದು ಹಾಳೆಯಲ್ಲಿ ಬರೆದುಕೊಡುತ್ತಾರೆ ಪೆರೀನಾ. ಬೇಸಿಗೆಯಲ್ಲಿ ದಿನಕ್ಕೆ ನಲವತ್ತರಿಂದ ಐವತ್ತು ಹಾಳೆ. ಇಪ್ಪತ್ತಾರು ವರ್ಷದಿಂದ ಇದೇ ಕಾಯಕ. ಅದಕ್ಕೂ ಮುಂಚೆ ಊರಿನ ಮೀನಿನ ಕಾರ್ಖಾನೆಯಲ್ಲಿ ಡಬ್ಬಿಗೆ ಬೂತಾಯಿ ತುಂಬುತ್ತಿದ್ದರು. ಅದು ಮುಚ್ಚಿತು, ಗಂಡ ತೀರಿಕೊಂಡರು, ಈ ಗೂಡು ಕೈ ಹಿಡಿಯಿತು.

"ಜನ ಬೆಳಿಗ್ಗೆಯಿಂದ ಶುರು ಮಾಡ್ತಾರೆ, ಅದೇ ತಪ್ಪು," ಎನ್ನುತ್ತಾರೆ. "ಕೊನೇ ದೋಣಿಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ದಿನದ ಕೊನೇಲಿ ಕಾಲಲ್ಲಿ ಎಷ್ಟು ಶಕ್ತಿ ಉಳಿದಿರುತ್ತೆ ಅಂತ ಮೊದಲು ನೋಡ್ಬೇಕು. ಮಿಕ್ಕಿದ್ದಷ್ಟೇ ತಿರುಗಾಟ."

ದೂರವನ್ನು ಅವರು ಗಂಟೆಯಲ್ಲಾಗಲಿ ಕಿಲೋಮೀಟರಿನಲ್ಲಾಗಲಿ ಹೇಳುವುದಿಲ್ಲ. ಗುಡ್ಡದ ತುದಿ ಗಟ್ಟಿ ಕಾಲಿನವರಿಗೆ ಎರಡು ಸಲ ಕೂರುವಷ್ಟು ದೂರ, ಮಗುವನ್ನೆತ್ತಿಕೊಂಡವರಿಗೆ ಐದು ಸಲ, ಮಂಡಿನೋವಿನವರಿಗೆ ಹತ್ತು ಸಲ. ಎಲ್ಲೆಲ್ಲಿ ಕೂರಬೇಕು ಎಂಬುದೂ ಹಾಳೆಯಲ್ಲಿರುತ್ತದೆ. ಉದ್ಯಾನದ ಕಚೇರಿಯವರು ಮೂಗು ಮುರಿಯುತ್ತಾರೆ. ಮುರಿದುಕೊಳ್ಳಲಿ ಬಿಡಿ, ಆ ಮೂಗುಗಳು ಗುಡ್ಡ ಹತ್ತಿ ಎಷ್ಟು ಕಾಲವಾಯಿತೋ!

ಇಷ್ಟು ಜೋಪಾನ ಮೊದಲಿನಿಂದ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಇಲ್ಲಿ ಕಡುಬೇಸಿಗೆಯಾದ ಜುಲೈ ತಿಂಗಳಲ್ಲಿ ಸ್ಲಾವೊನಿಯಾದ ಬಯಲುಸೀಮೆಯಿಂದ ಗಂಡ ಹೆಂಡತಿ ಬಂದಿದ್ದರು, ಜ್ವೊನ್ಕೊ ಮತ್ತು ಯಾಗೊದಾ. ಆತ ನಿವೃತ್ತ ಸ್ಟೇಷನ್ ಮಾಸ್ಟರ್. ಗುಡ್ಡದ ತುದಿಯಿಂದ ಒಮ್ಮೆ ಕಡಲು ನೋಡಬೇಕೆಂಬುದು ಆತನ ಬಹುದಿನದ ಆಸೆ. ಪೆರೀನಾ ಹಾಳೆ ಬರೆದುಕೊಟ್ಟರು. ಅದರಲ್ಲೊಂದು ಸಾಲು: "ಎರಡು ಗಂಟೆಗೆ ಗಾಳಿ ಬರುತ್ತದೆ, ಆಗ ಹತ್ತಿ."

ಈ ಕರಾವಳಿಯಲ್ಲಿ ಹುಟ್ಟಿದವರು ಮಾತ್ರ ಮಾಡುವ ತಪ್ಪು ಇದು. ಬೇಸಿಗೆಯ ಮಧ್ಯಾಹ್ನ ಕಡಲಿನಿಂದ ಬೀಸುವ ಮಾಯೆಸ್ತ್ರಾಲ್ ಗಾಳಿ ಇಲ್ಲಿಯವರಿಗೆ ಬೆಳಗಿನ ಕಾಫಿಯಷ್ಟೇ ಖಾತ್ರಿ. ಅದು ಬರುತ್ತದೆ ಎಂದು ದೋಣಿಯ ವೇಳೆಯಂತೆ ಬರೆದುಬಿಟ್ಟರು. ಎಲ್ಲೋ ಒಂದು ದಿನ ಅದು ಬರುವುದಿಲ್ಲ. ಊರಿನವರಾದರೆ ಕಡಲಿನ ಮೇಲೆ ಕಣ್ಣಾಡಿಸಿ, ಇವತ್ತು ಬೇಡ ಎಂದು ಮಲಗುತ್ತಾರೆ. ಜ್ವೊನ್ಕೊ ನಲವತ್ತು ವರ್ಷ ವೇಳಾಪಟ್ಟಿ ಹಿಡಿದು ಬದುಕಿದವರು, ಹಾಳೆ ನೋಡಿದರು, ಗಡಿಯಾರ ನೋಡಿದರು, ಎರಡಕ್ಕೆ ಸರಿಯಾಗಿ ಹೆಂಡತಿಯೊಡನೆ ಹತ್ತತೊಡಗಿದರು. ಗಾಳಿ ಬರಲಿಲ್ಲ. ಬಿಸಿಲ ಝಳಕ್ಕೆ ಜ್ವೊನ್ಕೊ ಅರ್ಧ ದಾರಿಯಲ್ಲಿ ಕುಸಿದರು. ದ್ವೀಪದಲ್ಲಿದ್ದ ಒಂದೇ ಒಂದು ಕೈಗಾಡಿ ಆಚೆ ದಕ್ಕೆಯಲ್ಲಿ ತಂಪು ಪಾನೀಯದ ಪೆಟ್ಟಿಗೆ ಹೊರುತ್ತಿತ್ತು. ಅದು ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು, ಜೀವ ಹೋಗಿತ್ತು.

ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲವೆಂದಾಯಿತು. ಪೆರೀನಾ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ. "ಯಾರೂ ಬೈಲಿಲ್ಲವಲ್ಲ, ಅದು ಎದೆಮೇಲೆ ಹಾಗೇ ಕೂತುಬಿಡ್ತು." ಆಮೇಲೆ ಮೂರು ವರ್ಷ ಕಚೇರಿಯವರೊಂದಿಗೆ ಜಗಳವಾಡಿ ಎರಡನೆಯ ಕೈಗಾಡಿ ತರಿಸಿದರು. ಅದು ಈಗ ಗುಡ್ಡದ ಬುಡದಲ್ಲೇ ಇರುತ್ತದೆ, ಪೆಟ್ಟಿಗೆ ಹೊರುವಂತಿಲ್ಲ.

ಈ ಏಪ್ರಿಲ್‌ನಲ್ಲಿ ಉದ್ಯಾನದ ವಿಳಾಸಕ್ಕೊಂದು ಪತ್ರ ಬಂತು. ಸೆಪ್ಟೆಂಬರಿನಲ್ಲಿ ಒಬ್ಬಳೇ ಬರುತ್ತಿದ್ದೇನೆ, ವಯಸ್ಸು ಎಪ್ಪತ್ನಾಲ್ಕು, ಎಡಮಂಡಿಗೆ ಆಪರೇಷನ್ ಆಗಿದೆ, ಗುಡ್ಡದ ತುದಿಗೆ ಹೋಗಬೇಕು, ದಿನದ ಯೋಜನೆ ಮಾಡಿಕೊಡಿ. ಕೆಳಗೆ ಯಾಗೊದಾ ಎಂಬ ಸಹಿ. ಆ ಸಾಲನ್ನು ಬರೆದವಳು ನಾನೇ ಎಂದು ಹೇಳುವುದೋ, ಟಿಕೆಟ್ ಕೊಡುವ ಯಾರೋ ಹೆಂಗಸಾಗಿ ಉಳಿದುಬಿಡುವುದೋ? ಐದು ತಿಂಗಳು ಈ ಪ್ರಶ್ನೆ ಪೆರೀನಾ ಅವರನ್ನು ಅರೆದುಹಾಕಿದೆ.

ಎಂಟೂವರೆಗೆ ಯಾಗೊದಾ ಗೂಡಿನ ಮುಂದೆ ಬಂದು ನಿಲ್ಲುತ್ತಾರೆ. ಕಪ್ಪು ಅಂಗಿ, ಕೈಯಲ್ಲೊಂದು ಬುತ್ತಿ ಚೀಲ. ಪೆರೀನಾ ಹಾಳೆ ಕೊಡುತ್ತಾರೆ. ಆಕೆ ಓದಲು ತೊಡಗುವಷ್ಟರಲ್ಲಿ ತಡೆಯಲಾರದೆ ಹೊರಗೆ ಬಂದು ಎದುರು ನಿಲ್ಲುತ್ತಾರೆ.

"ಅಮ್ಮಾ, ಒಂದು ಮಾತಿದೆ. ಅವತ್ತು ಹಾಳೆ ಬರೆದುಕೊಟ್ಟಿದ್ದು ನಾನು. ಗಾಳಿ ಬರುತ್ತೆ ಅಂತ ಬರೆದಿದ್ದು ನಾನೇ."

ಯಾಗೊದಾ ತಲೆಯೆತ್ತುವುದಿಲ್ಲ. "ಈಗ ಈ ಅಕ್ಷರ ನೋಡಿದ್ ಕೂಡ್ಲೇ ಗೊತ್ತಾಯ್ತು. ಆ ಹಾಳೆ ನಂಗೆ ಬಾಯಿಪಾಠ ಇದೆ."

"ನನ್ನಿಂದ..."

"ಹೊಟ್ಟೆಗೆ ಹಾಕ್ಕೊಂಡೆ ಅಂತ ಹೇಳೋಕೆ ಬಂದಿಲ್ಲ ನಾನು. ಎಷ್ಟೋ ವರ್ಷ ನಿನ್ನ ಶಪಿಸ್ಕೊಂಡೇ ಊಟ ಮಾಡಿದೀನಿ. ಈಗಲೂ ಒಂದೊಂದು ದಿನ ಸಿಟ್ಟು ಬರುತ್ತೆ."

"ಬೇರೆ ಯಾರ ಹತ್ರಾನಾದ್ರೂ ಬರೆಸಿಕೊಡ್ಲಾ?"

"ಇದ್ರಲ್ಲಿ ಗಾಳಿ ವಿಷಯ ಏನೂ ಇಲ್ಲವಲ್ಲ."

"ಇಲ್ಲ. ಅವತ್ತಿನಿಂದ ಯಾರಿಗೂ ಬರೆದಿಲ್ಲ."

ಯಾಗೊದಾ ಹಾಳೆಯನ್ನು ನಾಲ್ಕಾಗಿ ಮಡಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. "ನೀನೂ ಬಾ ಹಾಗಾದ್ರೆ. ಬರೆದವಳು ಜೊತೆಗಿರ್ಲಿ."

ಪೆರೀನಾ ಗೂಡಿಗೆ ಬೀಗ ಹಾಕುತ್ತಾರೆ. ಬೇಸಿಗೆಯಲ್ಲಿ ಕೆಲಸದ ಹೊತ್ತಿಗೆ ಆ ಗೂಡಿಗೆ ಬೀಗ ಬಿದ್ದದ್ದನ್ನು ಲೂಕಾದವರು ಕಂಡದ್ದೇ ಇಲ್ಲ. ಒಂಬತ್ತರ ದೋಣಿ ಇಬ್ಬರನ್ನೂ ದ್ವೀಪದಲ್ಲಿ ಇಳಿಸುತ್ತದೆ.

ಹತ್ತುತ್ತಾರೆ, ಕೂರುತ್ತಾರೆ, ಏಳುತ್ತಾರೆ. ಐದನೆಯ ಜಾಗ ದಾಟಿ ಸ್ವಲ್ಪ ಮೇಲಕ್ಕೆ, ಗೋಡೆಯೂ ಇಲ್ಲದ, ಒಂದೇ ಒಂದು ಪೈನ್ ಮರದ ನೆರಳಿರುವ ತಿರುವಿನಲ್ಲಿ ಯಾಗೊದಾ ನಿಲ್ಲುತ್ತಾರೆ. ಹಾಳೆ ಬಿಡಿಸಿ ನೋಡುತ್ತಾರೆ.

"ಇಲ್ಲಿ ಕೂರೋದು ಬರೆದಿಲ್ಲ ನೀನು."

"ಬರೆಯೋಕೆ ಕೈ ಬರ್ಲಿಲ್ಲ ಅಮ್ಮಾ."

"ನಂಗೆ ಕೂರ್ಬೇಕು."

ಪೆರೀನಾ ತಮ್ಮ ಕೋಟು ಕಳಚಿ ನೆಲಕ್ಕೆ ಹಾಸುತ್ತಾರೆ. ಯಾಗೊದಾ ಕಾಲು ನೀಡಿ ಕೂತು ಬುತ್ತಿ ಬಿಚ್ಚುತ್ತಾರೆ. ಬ್ರೆಡ್ಡು, ಊರಿನಿಂದ ತಂದ ಖಾರದ ಸಾಸೇಜು. ಚಾಕುವಿನಿಂದ ಎರಡು ಪಾಲು ಮಾಡಿ ಒಂದನ್ನು ಪೆರೀನಾ ಕಡೆಗೆ ಚಾಚುತ್ತಾರೆ.

"ಇಲ್ಲಿ ನಿಂತು ನಮ್ಮೋರು ಗಡಿಯಾರ ನೋಡಿದ್ರು. 'ಸರಿಯಾದ ಟೈಮಿಗೆ ಇದ್ದೀವಿ ಯಾಗೊದಾ' ಅಂದ್ರು. ಅದೇ ಕೊನೇ ಮಾತು. ಬೆವತು ತೊಪ್ಪೆಯಾಗಿದ್ರು, ಆದ್ರೆ ಖುಷಿಯಾಗಿದ್ರು ಕಣೇ. ಆ ಖುಷೀನ ನಾನು ಯಾರಿಗೂ ಹೇಳಿರ್ಲಿಲ್ಲ. ತಿನ್ನು."

ಪೆರೀನಾ ತಿನ್ನುತ್ತಾರೆ. ಕಣ್ಣೀರು ಸುರಿಯುತ್ತಲೇ ತಿನ್ನುತ್ತಾರೆ. ಹನ್ನೊಂದು ವರ್ಷದ ಅಳು, ಒರೆಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ.

ತುದಿಯಲ್ಲಿ ಯಾಗೊದಾ ಬಹಳ ಹೊತ್ತು ನಿಲ್ಲುತ್ತಾರೆ. ನಾಲ್ಕೂ ಕಡೆ ಕಡಲು, ದೂರದಲ್ಲಿ ಬೋಳು ದ್ವೀಪಗಳು. "ಇಷ್ಟೇನಾ!" ಎಂದು ಒಮ್ಮೆ, "ಅಬ್ಬಾ, ಎಷ್ಟೊಂದಿದೆ!" ಎಂದು ಇನ್ನೊಮ್ಮೆ ಅನ್ನುತ್ತಾರೆ. ನಾಲ್ಕರ ದೋಣಿಗೆ ಇಬ್ಬರೂ ಮರಳುತ್ತಾರೆ.

ಬಸ್ಸು ಹತ್ತುವ ಮುಂಚೆ ಯಾಗೊದಾ ತಿರುಗಿ ನಿಂತು ಹೇಳುತ್ತಾರೆ, "ಮುಂದಿನ ಮೇ ತಿಂಗಳಲ್ಲಿ ನಮ್ ಚರ್ಚಲ್ಲಿ ಹಾಡೋ ಹೆಂಗಸರನ್ನ ಕರ್ಕೊಂಡು ಬರ್ತೀನಿ. ಹನ್ನೆರಡು ಜನ. ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ, ಜೊತೆಗೆ ಬಾಯಿ ಬೇರೆ ಜೋರು. ನೀನೇ ಬರೀಬೇಕು. ಬೇರೆಯವರು ಬರೆದ್ರೆ ನಾನು ಕರ್ಕೊಂಡು ಬರೋದಿಲ್ಲ."

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಪೆರೀನಾ ಅಲ್ಲೇ ನಿಂತಿದ್ದಾರೆ. ಮುಂದೇನು ಆಸೆಯಿದೆ ಎಂದು ಕೇಳಿದರೆ ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ತಡವರಿಸುತ್ತಾ ಹೇಳುತ್ತಾರೆ.

"ಆ ಪೈನ್ ಮರದ ಕೆಳಗೊಂದು ಬೆಂಚು ಬೇಕು, ಮೇ ತಿಂಗಳೊಳಗೆ. ಕಚೇರಿಯವರ ಬೆನ್ನು ಬೀಳ್ತೀನಿ. ಹೆಸರು ಗಿಸರು ಕೆತ್ತಿಸೋದು ಬೇಡ, ಯಾಗೊದಾ ಅವರೂ ಬೇಡ ಅಂದ್ರು. ಅಲ್ಲಿ ಕೂತವರು ಆಮೇಲೆ ಎದ್ದು ಮುಂದೆ ಹೋಗ್ಬೇಕು, ಅಷ್ಟೇ."