ಟೋನ್ ಆರ್ಮ್ ಬದಲಾಯಿಸಿದ ವರ್ಷ

ನನ್ನ ಗಂಡ ಬಳ್ಳಾರಿಯ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಫಿಟ್ಟರ್ ಆಗಿದ್ದರು. ಕುರುಗೋಡಿನ ಅವರ ಹಿರಿಯರ ಮನೆಯಲ್ಲಿ ಪಾಲಾದಾಗ ಪಾತ್ರೆಪಡಗವನ್ನೆಲ್ಲ ಅಣ್ಣನಿಗೇ ಬಿಟ್ಟು, ಒಂದು ಹಳೆಯ ರೆಕಾರ್ಡ್ ಪ್ಲೇಯರನ್ನಷ್ಟೇ ಹೊತ್ತು ತಂದಿದ್ದರು. ಸಂಜೆ ಮೈಮೇಲಿನ ಹತ್ತಿಯ ಧೂಳು ತೊಳೆದುಕೊಂಡು, ಚಹ ಕುಡಿದು, ಪಿಟೀಲಿನ ಪ್ಲೇಟು ಹಾಕಿ ಕೂತರೆಂದರೆ ಅವರನ್ನು ಮಾತಾಡಿಸುವಂತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರಿಗೆ ಆ ಯಂತ್ರದ ಮೇಲೆ ಸಿಟ್ಟು ಶುರುವಾಯಿತು.

"ಪಿಟೀಲು ಮ್ಯಾಲಕ್ಕ ಹೋದಾಗ ದನಿ ಸತ್ತ ಹೋಗತೈತಿ. ಸೂಜಿ ಸವದೈತಿ" ಎಂದರು.

ಸೂಜಿ ಬದಲಾಯಿಸಿದರು. ಆಮೇಲೆ ಸ್ಪೀಕರ್ ಬಿಚ್ಚಿ ಒರೆಸಿದರು. ಕೊನೆಗೆ ತಪ್ಪೆಲ್ಲ ಸೂಜಿಯನ್ನು ಹೊತ್ತ ಉದ್ದನೆಯ ಕೈಯದು, ಟೋನ್ ಆರ್ಮಿನದು ಎಂದು ತೀರ್ಮಾನಿಸಿದರು. ಅದು ಭಾರವಾದ ಪ್ಲಾಸ್ಟಿಕ್ ಕೈ, ಪ್ಲೇಟನ್ನು ಒತ್ತಿ ಒತ್ತಿ ಕೆಡಿಸುತ್ತದೆ. ಹಿಂಬದಿಗೆ ತೂಕದ ಗುಂಡಿರುವ ಲೋಹದ ಕೈ ಹಾಕಿದರೆ ಸರಿಹೋಗುತ್ತದೆ ಎಂದರು.

ನನಗೆ ಪಿಟೀಲು ಚೆನ್ನಾಗಿಯೇ ಕೇಳುತ್ತಿತ್ತು.

ಒಂದು ವರ್ಷದಿಂದ ನಾನು ಅವರೊಡನೆ ಗಟ್ಟಿಯಾಗಿ ಮಾತಾಡುತ್ತಿದ್ದೆ. ಹಾಲಿನವನ ಸೈಕಲ್ ಗಂಟೆ ಅವರಿಗೆ ಕೇಳುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಜಿನ್ನಿನ ಯಂತ್ರಗಳ ಗದ್ದಲದಲ್ಲಿ ಬಹಳ ವರ್ಷ ದುಡಿದವರೆಲ್ಲ ಹಾಗೆಯೇ ಎದುರಿನವರ ಬಾಯಿ ನೋಡಿ ಮಾತು ತಿಳಿಯುತ್ತಿದ್ದುದನ್ನು ನಾನು ಕಂಡಿದ್ದೆ. ನನಗೆ ಗೊತ್ತಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಯಂತ್ರದ್ದೇ ತಪ್ಪೆಂದು ನಂಬುವಷ್ಟು ದಿನ ನಂಬಲಿ ಎಂದುಕೊಂಡೆ.

ಕೌಲ್ ಬಜಾರಿನಲ್ಲಿ ರೇಡಿಯೋ ರಿಪೇರಿ ಮಾಡುವ ವಯಸ್ಸಾದ ಸಾಬರೊಬ್ಬರು, ಕೆಟ್ಟುಹೋದ ವಿದೇಶಿ ಸೆಟ್ಟೊಂದರಿಂದ ಅಂಥ ಕೈಯನ್ನು ತೆಗೆದಿಟ್ಟಿದ್ದರು. ಒಂದು ಭಾನುವಾರ ಇಬ್ಬರೂ ಟಾಂಗಾದಲ್ಲಿ ಹೋದೆವು. ಸಾಬರು ಹಳೆಯ ಕೈ ಬಿಚ್ಚಿ, ಮರದ ಹಲಗೆಗೆ ಹೊಸ ತೂತು ಕೊರೆದು, ಕೂದಲಿನಂಥ ತಂತಿಗಳನ್ನು ಬೆಸೆದರು. ಹಿಂದಿನ ಗುಂಡನ್ನು ತಿರುವುತ್ತ ತಿರುವುತ್ತ ಕೈ ತಕ್ಕಡಿಯ ಹಾಗೆ ಸಮ ನಿಲ್ಲುವಂತೆ ಮಾಡಿ, ಆಮೇಲೆ ತುಸುವೇ ಮುಂದಕ್ಕೆ ತಂದು ಸೂಜಿಗೆ ಭಾರ ಕೊಟ್ಟರು. ನನ್ನ ಗಂಡ ಸ್ಟೂಲಿನ ತುದಿಯಲ್ಲಿ ಕೂತು ನೋಡುತ್ತಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ಕಂಡು ಬಹಳ ದಿನವಾಗಿತ್ತು.

ಪ್ಲೇಟು ತಿರುಗತೊಡಗಿತು. ಪಕ್ಕದ ಅಂಗಡಿಯ ದರ್ಜಿ ಮಿಷನ್ ನಿಲ್ಲಿಸಿ ಎದ್ದು ಬಂದ. ಪಿಟೀಲು ಅಷ್ಟು ಸ್ವಚ್ಛವಾಗಿ ನುಡಿದದ್ದನ್ನು ನಾನೂ ಕೇಳಿರಲಿಲ್ಲ. ಕಮಾನು ತಂತಿಗೆ ಉಜ್ಜುವ ಸದ್ದೂ ಬರುತ್ತಿತ್ತು.

"ತುದೀ ಸ್ವರ ಬರವಲ್ದು," ಎಂದರು ನನ್ನ ಗಂಡ. "ಗುಂಡು ಇನ್ನೊಂಚೂರು ತಿರುವ್ರಿ."

ಸಾಬರು ತಿರುವಿದರು.

"ಇಲ್ರಿ. ಈಗೂ ಇಲ್ಲ."

ಸಾಬರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಸೂಜಿ ಎತ್ತಿಟ್ಟು, ಗಡ್ಡ ನೀವಿಕೊಳ್ಳುವವರಂತೆ ಬಾಯಿಗೆ ಕೈ ಅಡ್ಡ ಹಿಡಿದು, "ಭಾಯಿಸಾಬ್, ಜಿನ್ನಿನ್ಯಾಗ ಎಷ್ಟು ವರ್ಷ ಆತು?" ಎಂದು ಸಹಜವಾಗಿ ಕೇಳಿದರು.

ನನ್ನ ಗಂಡ ಹೊಸ ಕೈಯನ್ನೇ ನೋಡುತ್ತಿದ್ದರು.

ದರ್ಜಿ ಅವರ ಭುಜ ಮುಟ್ಟಿ, "ಅಣ್ಣಾ, ನಿಮ್ಮನ್ನ ಕೇಳಾಕ ಹತ್ಯಾರ" ಎಂದ.

ಅವರು ದರ್ಜಿಯನ್ನು ನೋಡಿದರು, ಬಾಯಿ ಮುಚ್ಚಿದ್ದ ಸಾಬರ ಕೈಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪ್ಲೇಯರಿನ ಮುಚ್ಚಳ ಹಾಕಿದರು.

ಮನೆ ಸೇರಿದ ಮೇಲೆ ಕೇಳಿದರು: "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಮಂದಿ ಮುಂದ ನನ್ನ ಹಿಂಗ್ಯಾಕ ಕುಂದರಿಸಿದಿ?"

ಕಾರಣ ಹೇಳಿದೆ. ಅಳುತ್ತ ಹೇಳಿದ್ದರಿಂದ ದನಿ ಸಣ್ಣದಾಗಿತ್ತು. "ಏನು?" ಎಂದರು. ಅದನ್ನೇ ಮತ್ತೊಮ್ಮೆ ಕೂಗಿ ಹೇಳಲು ನನ್ನಿಂದಾಗಲಿಲ್ಲ.

ಕಿವಿಯ ಡಾಕ್ಟರು ನರ ಸತ್ತಿದೆ, ಔಷಧವಿಲ್ಲ ಎಂದರು. ಯಂತ್ರದ ಸದ್ದಿನಲ್ಲೇ ದೋಷ ಹಿಡಿಯಬೇಕಾದವನು ಫಿಟ್ಟರ್. ಇವರೇ ಹೋಗಿ ಜಿನ್ನಿನ ಯಜಮಾನರಿಗೆ ವಿಷಯ ತಿಳಿಸಿದರು. ಅವರು ಇವರನ್ನು ಗೇಟಿನ ಕಾವಲಿಗೆ ಹಾಕಿದರು.

ಆ ಬೇಸಿಗೆಯಲ್ಲಿ ಪ್ಲೇಯರನ್ನು ಸಿರುಗುಪ್ಪದ ನನ್ನ ತಮ್ಮನಿಗೆ ಕೊಡುತ್ತೇನೆಂದರು. ಬೇಡವೆಂದೆ. "ಕೇಳೋರ ಮನ್ಯಾಗ ಇರಲಿ" ಎಂದು, ಬಸ್ಸಿನ ಕುಲುಕಾಟಕ್ಕೆ ಅಲ್ಲಾಡದಂತೆ ಆ ಕೈಯನ್ನು ತಾವೇ ದಾರದಿಂದ ಬಿಗಿದು ಕಟ್ಟಿದರು. ಮುಂದೆ ಸಿರುಗುಪ್ಪಕ್ಕೆ ಹೋದಾಗಲೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು, ಪ್ಲೇಯರ್ ಇಟ್ಟಿದ್ದ ಕೋಣೆಗೆ ಕಾಲಿಡಲಿಲ್ಲ.

ನನ್ನೊಡನೆಯೂ ಮಾತು ಕಡಿಮೆಯಾಯಿತು. ಕೇಳಿಸದ್ದಕ್ಕೋ, ನನ್ನ ಮೇಲಿನ ಸಿಟ್ಟಿಗೋ ತಿಳಿಯಲಿಲ್ಲ. ಅವರು ಬದುಕಿದ್ದ ತನಕ ನಾನೂ ಅದನ್ನು ಕೇಳಲಿಲ್ಲ.