ದಾಕ್ಷಾಯಣಿಯ ಸರದಿ

ನವರಾತ್ರಿ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ದೇವಿಯ ತಪ್ಪಲ್ಲ, ಪಾಪ. ತಪ್ಪು ನಮ್ಮ ಕೃಷ್ಣಾನಂದರಾಯರದು.

ಐವತ್ತೆಂಟನೆಯ ಇಸವಿಯಲ್ಲಿ ತಿರುವನಂತಪುರದ ಪಟ್ಟಂನಲ್ಲಿದ್ದ ಒಂದು ಪರಮಾಣು ಪ್ರಯೋಗಶಾಲೆಯಲ್ಲಿ ನಾನು ಪಂಪು ನೋಡಿಕೊಳ್ಳುತ್ತಿದ್ದೆ. ಮೈಸೂರು ಕಡೆಯ ರಾಯರು ಅಲ್ಲಿಯ ಮುಖ್ಯಸ್ಥರು. ಕಾಸರಗೋಡಿನ ದಾಕ್ಷಾಯಣಿ ಅನಿಲದ ಡಬ್ಬಿ ನಡೆಸುವವಳು. ಡಬ್ಬಿ ಎಂದರೆ ಅಂಗೈಯಲ್ಲಿ ಹಿಡಿಸುವಷ್ಟು, ಹಿತ್ತಾಳೆಯದು. ಒಳಗೆ ಅನಿಲ, ಮುಂದುಗಡೆ ಕಿಟಕಿಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಲೋಹದ ಹಾಳೆ. ದೊಡ್ಡ ಯಂತ್ರದಿಂದ ಹಾರಿಬರುವ ಕಣಗಳು ಆ ಹಾಳೆಯನ್ನು ತೂರಿಕೊಂಡು ಅನಿಲಕ್ಕೆ ಬಡಿಯಬೇಕು. ಡಬ್ಬಿ ಇದ್ದದ್ದು ಒಂದೇ, ಕೊಚ್ಚಿಯ ಪ್ರಯೋಗಶಾಲೆಯವರಿಗೂ ನಮಗೂ ಸೇರಿ. ಯಾರ ಸರದಿ ಬಂದರೂ ಅನಿಲ ತುಂಬಿ, ಒತ್ತಡದ ಮೇಲೆ ಕಣ್ಣಿಟ್ಟು, ಹಾಳೆ ಹರಿಯದಂತೆ ಕಾಯುವವಳು ದಾಕ್ಷಾಯಣಿ. ಪ್ರಬಂಧ ಬರೆದು ಡಾಕ್ಟರಾದವರು ಬೇರೆಯವರು. ಅವಳದೂ ಒಂದು ಪ್ರಬಂಧ ಕೊನೆಯ ಅಳತೆಯಿಲ್ಲದೆ ಅರ್ಧಕ್ಕೆ ನಿಂತಿತ್ತು. ಸರದಿ ಕೇಳಿದಾಗಲೆಲ್ಲ ರಾಯರದು ಒಂದೇ ಮಾತು: "ಮುಂದಿನ ಸಲ ನೋಡೋಣಮ್ಮ."

ಕಡೆಗೆ ಸಿಕ್ಕಿದ್ದು ಯಾರಿಗೂ ಬೇಡವಾದ ದಿನಗಳು, ನವಮಿ ಮತ್ತು ದಶಮಿ. ಆ ಊರಲ್ಲಿ ಅಷ್ಟಮಿ ಸಂಜೆ ಪುಸ್ತಕ, ಉಪಕರಣ ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಡಬ್ಬಿಯೊಂದನ್ನು ಪೂಜೆಗಿಡದೆ ಬಿಟ್ಟುಬಿಡಿ ಎಂದು ಅವಳು ಬೇಡಿಕೊಂಡಿದ್ದಳು. ಕೊಚ್ಚಿಯವರು ಒಪ್ಪಿದ್ದರು, ರಾಯರೂ ಆಗಲಿ ಎಂದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ನವಮಿ ಬೆಳಿಗ್ಗೆ ನಾವಿಬ್ಬರೂ ಹೋದರೆ ಡಬ್ಬಿ ದೇವಿಯ ಪಟದ ಮುಂದೆ ಬಾಳೆಲೆಯ ಮೇಲೆ ಕೂತಿತ್ತು. ಮೈಸೂರಿನ ಆಯುಧಪೂಜೆ ಮರೆಯದ ರಾಯರು ಆ ಕಿಟಕಿಗೆ ಬೆರಳಿಂದ ಗಂಧ ಬಳಿದು ನಡುವೆ ಕುಂಕುಮ ಒತ್ತಿದ್ದರು. ಹಾಳೆ ಸೀಳಿಹೋಗಿತ್ತು. ಬದಲಿ ಹಾಳೆ ಇದ್ದದ್ದು ಕೊಚ್ಚಿಯಲ್ಲಿ. ರೈಲಿನಲ್ಲಿ ಹೋಗಿ ತರುವಷ್ಟರಲ್ಲಿ ಅವಳ ಸರದಿ ಮುಗಿದಿರುತ್ತಿತ್ತು.

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬೆವರೊರೆಸಿಕೊಂಡರು. "ಎಲ್ಲದಕ್ಕೂ ಪೂಜೆ ಮಾಡಿ ಇದೊಂದನ್ನ ಬಿಡೋಕಾಗತ್ತೇನಮ್ಮ? ಶಾಸ್ತ್ರ." ಹರಿದದ್ದನ್ನು ತೋರಿಸಿದರೆ, "ನಡೆಸೋಳು ನೀನು. ಗಟ್ಟಿ ಹಾಳೆ ಹಾಕ್ಬೇಕಿತ್ತು" ಎಂದರು!

ನಾನು ಹಲ್ಲು ಕಡಿದೆ. ದಾಕ್ಷಾಯಣಿ ರಾಯರ ಕನ್ನಡಕ ಎತ್ತಿಕೊಂಡಳು, ಗಂಧದ ಬಟ್ಟಲಿಗೆ ಬೆರಳದ್ದಿ ಎರಡೂ ಗಾಜಿಗೆ ದಪ್ಪಗೆ ಮೆತ್ತಿದಳು, ಒಂದೊಂದು ಕುಂಕುಮದ ಬೊಟ್ಟಿಟ್ಟು ಡಬ್ಬಿಯ ಪಕ್ಕದಲ್ಲಿರಿಸಿ ಕೈಮುಗಿದಳು.

"ಇದೂ ಉಪಕರಣವೇ ಅಲ್ವಾ ಸಾರ್? ಇನ್ನು ವಿಜಯದಶಮಿವರೆಗೆ ಮುಟ್ಲಿಕ್ಕಿಲ್ಲ."

"ಅಯ್ಯೋ, ಅದಿಲ್ದೆ ನಂಗೇನೂ ಕಾಣ್ಸಲ್ಲಮ್ಮ!"

"ಆ ಡಬ್ಬಿ ಇಲ್ಲದಿದ್ರೆ ನಂಗೂ ಕಾಣುದಿಲ್ಲ ಸಾರ್. ಎಷ್ಟು ವರ್ಷ ಆಯ್ತು ಹೇಳಿ."

ರಾಯರ ಕೈ ಬಾಳೆಲೆಯವರೆಗೆ ಹೋಗಿ ನಿಂತಿತು. ಪ್ರಸಾದಕ್ಕೆ ಬಂದ ಜನ ಬಾಗಿಲಲ್ಲಿ ನೋಡುತ್ತಿದ್ದರು. ಶಾಸ್ತ್ರ ಹೇಳಿದವರು ತಾವೇ.

ಹಬ್ಬದ ನಂತರದ ಸರದಿ ರಾಯರದು. "ಅದು ನಂಗೆ ಬೇಕು" ಎಂದಳು ದಾಕ್ಷಾಯಣಿ.

"ತಗೋಮ್ಮ, ತಗೋ" ಎಂದರು ರಾಯರು, ನನ್ನ ಕಡೆ ತಿರುಗಿ.

"ನಾನು ಇಲ್ಲಿದ್ದೇನೆ ಸಾರ್. ಇತ್ತ ನೋಡಿ ಇನ್ನೊಮ್ಮೆ ಹೇಳಿ."

ಹೇಳಿದರು. ಅವಳು ಕೊಚ್ಚಿಯ ರೈಲಿಗೆ ಹೊರಟಳು.