ಮರಿಹುಳದ ಕಣ್ಣು

ರೇಣುಕಾ, ನಿನ್ನ ಎಣಿಕೆ ಸರಿಯಿತ್ತು. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ.

ಎಲೆ ತಿನ್ನುವ ಆ ಎರಡು ಜಾತಿಯ ಜೀರುಂಡೆಗಳನ್ನು ನೀನು ಮರೆತಿರಲಾರೆ. ಎರಡಕ್ಕೂ ಅದೇ ಕೆಂಪು, ಬೆನ್ನ ಮೇಲೆ ಅದೇ ಕರಿ ಪಟ್ಟೆ. ಇವು ಒಂದೇ ಕುಲದ ಹತ್ತಿರದ ಕವಲುಗಳು ಎಂದು ನಾನು ಪ್ರಬಂಧ ಬರೆದಿದ್ದೆ. ಎರಡರ ಮರಿಹುಳಕ್ಕೂ ತಲೆಯ ಒಂದೊಂದು ಬದಿಗೆ ಆರಾರು ಕಣ್ಣುಗಳು ಎಂದೂ ಬರೆದಿದ್ದೆ. ಆದರೆ ನೋಡಿದ್ದು ಒಂದರ ಮರಿಯನ್ನು ಮಾತ್ರ. ಇನ್ನೊಂದರದು ಸಿಕ್ಕಿರಲಿಲ್ಲ — ಹಾಗೇ ಇರಬೇಕು ಎಂದುಕೊಂಡು...

ಅದನ್ನು ಹುಡುಕಿದವಳು ನನ್ನ ವಿದ್ಯಾರ್ಥಿನಿ, ನೀನು. ದುಮ್ಮವಾಡದ ನಿಮ್ಮ ಹೊಲದಂಚಿನ ಬಳ್ಳಿಯ ಬುಡ ಅಗೆದು ನಿಮ್ಮವ್ವ ಆರಿಸಿ ಕೊಟ್ಟಿದ್ದಳು. ಚಹಾಪುಡಿ ಡಬ್ಬಿಯಲ್ಲಿ ನೀನು ಸಾಕಿದೆ. ಕೆಲವು ಜೀರುಂಡೆಯಾಗಿ ಹೊರಬರುವವರೆಗೆ ಕಾದು, ಅದೇ ಜಾತಿ ಎಂದು ಖಾತ್ರಿ ಮಾಡಿಕೊಂಡು, ಉಳಿದ ಮರಿಗಳನ್ನು ನನ್ನ ಮೇಜಿಗೆ ತಂದೆ.

“ಸರ್ರ, ಇದಕ್ಕ ಆ ಬಾಜೂಕ ಒಂದು, ಈ ಬಾಜೂಕ ಒಂದು, ಇಷ್ಟೇ ಕಣ್ಣದಾವ್ರಿ. ಬಣ್ಣ ಅಷ್ಟೇ ಕೂಡತೈತಿ. ಕುಲ ಅಗದಿ ಬ್ಯಾರೆ ಅನಸ್ತೈತ್ರಿ.”

“ಬ್ಯಾರೆ ಹುಳಾ ಕಲಸಿಕೊಂಡು ಬಂದೀ,” ಎಂದೆ ನಾನು. “ಸಾಕಾಕ ಬರಂಗಿಲ್ಲ ನಿನಗ.”

“ಅವ್ವಾ ನಾನೂ ದಿನಾ ನೋಡೇವ್ರಿ ಸರ್ರ—”

ಮುಗಿಸಗೊಡಲಿಲ್ಲ. ನೀನು ಹೋದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಬದಿಗೆ ಒಂದೇ. ಇನ್ನೊಂದು ಹುಳ ತೆಗೆದೆ, ಮತ್ತೊಂದು — ಒಂದೇ. ಹಕ್ಕಿಗಳನ್ನು ದೂರವಿಡಲು ಎರಡು ಬೇರೆ ಕುಲಗಳು ತಮ್ಮಷ್ಟಕ್ಕೆ ಒಂದೇ ಬಣ್ಣ ತಳೆದಿದ್ದವು. ನಂಟು ಎಷ್ಟು ದೂರದ್ದು ಎಂಬುದನ್ನು ಮರಿಯ ತಲೆಯೇ ಹೇಳುತ್ತಿತ್ತು. ಆದರೂ ಮರುದಿನ ವಿಭಾಗದ ಸಭೆಯಲ್ಲಿ, ಈಕೆಯ ಮಾದರಿಗಳನ್ನು ನಂಬುವಂತಿಲ್ಲ ಎಂದುಬಿಟ್ಟೆ. ನೀನು ತಲೆ ಎತ್ತಲಿಲ್ಲ. ತಿಂಗಳೊಳಗೆ ಸಂಶೋಧನೆ ಬಿಟ್ಟೆ. ಆ ಪ್ರಬಂಧದ ಬಲದಿಂದಲೇ ನಾನು ಪ್ರಾಧ್ಯಾಪಕನಾದೆ.

ಮೊನ್ನೆ ನವಲಗುಂದದ ಬಸ್ ನಿಲ್ದಾಣದಲ್ಲಿ ನೀನು ಎದುರಾದೆ. ಅಲ್ಲೇ ಶಾಲೆಯೊಂದರಲ್ಲಿ ಕಲಿಸುತ್ತೀಯಂತೆ. “ಆರಾಮ ಅದೀರಿಲ್ರಿ ಸರ್ರ?” ಎಂದು ಕೇಳಿದೆ. ನಾನು ಹೂಂ ಎಂದೆ. ಹುಬ್ಬಳ್ಳಿ ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ನಾಚಿಕೆಯಾಗಲಿ ಅಳುವಾಗಲಿ ಬರಲಿಲ್ಲ. ಬರಬೇಕಿತ್ತು.

ನನ್ನ ಪ್ರಬಂಧ ತಪ್ಪು, ತಿಳಿದೇ ಮುಚ್ಚಿಟ್ಟೆ, ಸರಿಯಾದದ್ದನ್ನು ಕಂಡವಳು ರೇಣುಕಾ ಎಂದು ಅದು ಅಚ್ಚಾದ ಪತ್ರಿಕೆಗೂ ವಿಭಾಗಕ್ಕೂ ಇಂದು ಬರೆದು ಕಳಿಸಿದೆ. ಮನೆಗೆ ಬಂದು ಊಟ ಮಾಡಿದೆ. ಹಗುರಾಗಲಿಲ್ಲ. ಹಗುರಾಗುವ ಹಕ್ಕೂ ನನಗಿಲ್ಲ.